ನಾಲ್ಕನೇ ರೀಲು

ಪರದೆಯ ಮೇಲೆ ಆರೇಳು ವರ್ಷದ ಹುಡುಗಿ ಮೆಟ್ಟಿಲೇರಿ ಬಂದು, ಬಾಗಿಲಲ್ಲಿ ನಿಂತ ಮುದುಕಿಯನ್ನು ಅಮ್ಮಾ ನನ್ನ ಬಾಚಣಿಗೆ ಎಲ್ಲಿ ಎಂದು ಕೇಳುತ್ತಿದ್ದಾಳೆ — ತಡಿ, ಇವಳು ಈಗಲೇ ಹೇಗೆ ಬಂದಳು, ಇನ್ನೂ ಸತ್ತೇ ಇಲ್ಲವಲ್ಲ, ಮೂರನೇ ರೀಲು ಹಿಂದಕ್ಕೆ ಸುತ್ತಿಟ್ಟು ಈಗಷ್ಟೇ ಪ್ರೊಜೆಕ್ಟರ್ ಕೋಣೆಯ ಕಿಂಡಿಗೆ ಹಣೆ ಒತ್ತಿದ್ದ ಆಪರೇಟರು ಖಾಲಿ ಡಬ್ಬಿ ಎತ್ತಿ ನೋಡಿದ, ಡಬ್ಬಿಯ ಮೇಲೆ ಬರೆದದ್ದು ಥಾಯ್ ಅಂಕಿ, ಅವರ ನಾಲ್ಕಕ್ಕೂ ಐದಕ್ಕೂ ಒಂದು ಗೀಟಿನಷ್ಟೇ ವ್ಯತ್ಯಾಸ, ನಾಲ್ಕೆಂದು ಏರಿಸಿದ್ದು ಐದು, ಹಾಗಾದರೆ ಪಕ್ಕದ ಪ್ರೊಜೆಕ್ಟರಿನಲ್ಲಿ ಸುತ್ತಿಕೊಂಡು ಕಾಯುತ್ತಿರುವುದೇ ನಾಲ್ಕು, ಓಡುತ್ತಿರುವುದರಲ್ಲಿ ಉಳಿದದ್ದು ನಿಮಿಷವೋ ಎರಡೋ, ನಾಲ್ಕರಲ್ಲಿ ಮುದುಕಿ ಮಗಳು ಜ್ವರ ಬಂದು ಸಾಯ್ತಾಳೆ ಐದರಲ್ಲಿ ಪಕ್ಕದ್ಮನೇಲಿ ಹುಟ್ಟಿ ಬರ್ತಾಳೆ ಕಣಯ್ಯಾ, ನಡುವೆ ನಮಗೆ ನಿದ್ದೆ, ಎಂದು ಮ್ಯಾನೇಜರು ಬೆಳಿಗ್ಗೆ ನಕ್ಕಿದ್ದ. ಮಧ್ಯಾಹ್ನದ ಆಟ, ಇರುವವರು ಹನ್ನೊಂದು ಜನ, ಅವರಿಗೇನೂ ತಿಳಿಯಲಿಕ್ಕಿಲ್ಲ, ಕಲಾತ್ಮಕ ಚಿತ್ರ ಹೀಗೇ ಇರ್ತದೆ ಅಂದುಕೊಂಡಾರು — ಆದರೆ ಮೂರನೇ ಸಾಲಿನ ತುದಿಯಲ್ಲಿ ಅಮ್ಮ ಕೂತಿದ್ದಾಳೆ. ಪರದೆಯ ಕೆಳಗೆ ಮೂಡುವ ಮಾತಿನ ಅಕ್ಷರ ಅವಳಿಗೆ ಓದಲು ಬಾರದು, ಓದಬೇಕಾಗಿಯೂ ಇಲ್ಲ, ಮುದುಕಿ ಹುಡುಗಿಯ ತಲೆ ಸವರುತ್ತಿದ್ದಾಳಲ್ಲ, ಅಮ್ಮನ ಬೆನ್ನು ಅಷ್ಟಷ್ಟೇ ಮುಂದಕ್ಕೆ ಬಾಗುತ್ತಿದೆ.

ಮೂರು ತಿಂಗಳಿಂದ ತಟ್ಟೆ ತಂದಿಡುತ್ತಾಳೆ, ಮಾತಿಲ್ಲ, ಸತ್ತವಳು ವಾಪಸ್ ಬರೋ ಪಿಕ್ಚರು, ಅಮ್ಮ, ಒಂದ್ಸಲ ಬಾ, ಎಂದು ಅಡುಗೆಮನೆಯ ಬಾಗಿಲಿಗೆ ಹೇಳಿದ ಹಾಗೆ ಹೇಳಿ ಬಂದಿದ್ದ, ಬಂದೇಬಿಟ್ಟಳು, ಬಂದವಳಿಗೆ ಈಗ ಸಿಕ್ಕಿದವಳನ್ನು ಕಿತ್ತುಕೊಂಡು ಮತ್ತೆ ಮಂಚದ ಮೇಲೆ ಮಲಗಿಸಿ ಸಾಯಿಸಿ ತೋರಿಸುವುದೇ. ಆವತ್ತೂ ಇದೇ ಕೋಣೆ, ಇದೇ ಕಟಕಟ ಸದ್ದು, ಆಸ್ಪತ್ರೆಯಿಂದ ಅಮ್ಮನ ಫೋನು, ಅಣ್ಣ ಎಲ್ಲಿ ಅಂತಿದಾಳೆ ಕಣೋ ಬೇಗ ಬಾ, ಇದೊಂದು ರೀಲು ಮುಗೀಲಿ ಅಮ್ಮ ಹೊರಟೆ, ಓಡುವ ರೀಲು ಬಿಟ್ಟು ಆಪರೇಟರು ಕೋಣೆ ದಾಟಬಾರದು, ಹೊಟ್ಟೆಪಾಡಿನ ನಿಯಮ, ಇಪ್ಪತ್ತು ನಿಮಿಷ, ಇಪ್ಪತ್ತೇ ನಿಮಿಷ, ತಂಗಿ ಕಾಯಲಿಲ್ಲ. ಪರದೆಯ ಬಲಮೂಲೆಯಲ್ಲಿ, ರೀಲು ಮುಗಿಯಿತು ಬದಲಿಸು ಎನ್ನುವ ಎರಡು ಚುಕ್ಕೆಗಳಲ್ಲಿ ಮೊದಲನೆಯದು ಮಿಂಚಿತು, ಎರಡನೇ ಪ್ರೊಜೆಕ್ಟರಿನ ಮೋಟಾರು ಹಾಕಬೇಕು, ಕೈ ಏಳಲಿಲ್ಲ, ನಾಲ್ಕನ್ನು ಹಾರಿಸಿಬಿಡೋಣವೆಂದರೆ ಕೊನೆಯ ರೀಲು ಇನ್ನೂ ಡಬ್ಬಿಯೊಳಗಿದೆ, ಅದನ್ನು ತೆಗೆದು ಏರಿಸಲು ಎರಡು ನಿಮಿಷವಾದರೂ ಬೇಕು, ಇರುವುದು ಏಳು ಸೆಕೆಂಡು, ಎರಡನೇ ಚುಕ್ಕೆ, ಹೋಯಿತು, ಫಿಲ್ಮಿನ ಬಾಲ ಪಟಪಟ ಬಡಿದುಕೊಂಡಿತು, ಪರದೆ ಬೋಳು ಬಿಳಿ. ಯಾರೋ ಶಿಳ್ಳೆ ಹಾಕಿದರು, ಏನಯ್ಯಾ ಎಲ್ಲರೂ ಮೋಕ್ಷಕ್ಕೆ ಹೋದ್ರಾ ಎಂದೊಬ್ಬ, ಮ್ಯಾನೇಜರನ ಫೋನು ಗೋಡೆಯ ಮೇಲೆ ಬಡಿದುಕೊಳ್ಳುತ್ತಿದೆ, ಅಮ್ಮ ಎದ್ದಳು, ತಿರುಗಿದಳು, ನೇರ ಕಿಂಡಿಯನ್ನೇ ನೋಡಿದಳು, ಅವಳು ಸಾಯೋದನ್ನ ಬಿಟ್ಬಿಟ್ಯೇನೋ — ಮೂರು ತಿಂಗಳಾದ ಮೇಲೆ ಅವಳ ಧ್ವನಿ, ಇಷ್ಟು ಒಡೆದಿತ್ತೇ ಇದು — ನಾನು ಕಣ್ಣಾರೆ ಕಂಡಿದೀನಿ ಕಣೋ, ನೋಡದೇ ಇರೋನು ನೀನೊಬ್ನೇ, ಹಾಕು. ಹನ್ನೊಂದು ತಲೆಗಳೂ ತಿರುಗಿವೆ, ಮೋಟಾರಿನ ಗುಂಡಿ ಬೆರಳಡಿಯಲ್ಲಿ ತಣ್ಣಗಿದೆ, ಒತ್ತಿದರೆ ಮಂಚ, ಜ್ವರ, ಅಣ್ಣ ಎಲ್ಲಿ ಅನ್ನುವ ಬಾಯಿ — ಇಪ್ಪತ್ತು ನಿಮಿಷ, ಕೋಣೆ ದಾಟುವ ಹಾಗಿಲ್ಲ — ಅಮ್ಮ ಕೂರುತ್ತಿಲ್ಲ, ಖಾಲಿ ಬೆಳಕಿನಲ್ಲಿ ಕಣ್ಣು ಕಿರಿದು ಮಾಡಿ ಎತ್ತಿದ ಮುಖ, ಕಣ್ಣು ಮುಚ್ಚಿದರೂ ಆ ಮುಖ, ತೆರೆದರೂ ಆ ಮುಖ, ಎತ್ತಿದ ಮುಖ