ಬಿಸಿನೀರಿನ ಪಾತ್ರೆಯ ಮೇಲಿನ ಕೋಳಿ

"ಒಂಬತ್ತನೇ ಕ್ಲಾಸಿಗೇ ಪುಸ್ತಕ ಬಿಸಾಕಿದವನು ಈಗ ನಮಗೆ ಕೋಳಿ ಬಿಸಿ ಮಾಡೋ ಪಾಠ ಹೇಳ್ಕೊಡ್ತಾನಂತೆ. ಎಲ್ಲರೂ ಕೈಕಟ್ಟಿ ಕೂತ್ಕೊಳ್ರಪ್ಪ!"

ಭಾವ ಇದನ್ನು ಹೇಳಿದ್ದು ಅಡುಗೆಮನೆಯ ಬಾಗಿಲಲ್ಲಿ ನಿಂತು, ಹೊರಗೆ ಕೂತವರಿಗೂ ಕೇಳಿಸುವ ಹಾಗೆ. ಅವರು ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರು. ಮನೆಯಲ್ಲಿ ಮಾತಾಡಿದರೂ ಕೊನೇ ಬೆಂಚಿಗೆ ಮುಟ್ಟಬೇಕು ಅವರಿಗೆ. ಅಪ್ಪ ಮುಖಕ್ಕೆ ಅಡ್ಡ ಹಿಡಿದ ಪೇಪರನ್ನು ಇಳಿಸಲಿಲ್ಲ. ಅಮ್ಮನನ್ನು ನೋಡಲು ಬಂದಿದ್ದ ಮೇಲ್ಮನೆಯ ಟೈಲರ್ ಕಿಸಕ್ಕನೆ ನಕ್ಕು, ಆಮೇಲೆ ಅದು ಕೆಮ್ಮು ಎನ್ನುವ ಹಾಗೆ ಎದೆ ನೀವಿಕೊಂಡ. ನನ್ನ ಕಿವಿ ಕಾದ ಹೆಂಚಿನಂತಾಯಿತು.

ನಾನು ಕೇಳಿದ್ದಾದರೂ ಏನು? "ಭಾವ, ಈ ಕೋಳಿ ಎಷ್ಟೊತ್ತಿಂದ ಇಲ್ಲಿದೆ?" ಅಷ್ಟೇ.

ಕೋಳಿ ಇದ್ದದ್ದು ಬಿಸಿನೀರಿನ ಪಾತ್ರೆಯ ಮುಚ್ಚಳದ ಮೇಲೆ. ನಮ್ಮ ಮನೆಯಲ್ಲಿ ಇದು ಹಿಂದಿನಿಂದ ಬಂದ ರೂಢಿ. ಒಲೆಯ ಹಿಂಬದಿಯ ಉರಿಯಲ್ಲಿ ದೊಡ್ಡ ಪಾತ್ರೆಯೊಂದರಲ್ಲಿ ನೀರು ಸಣ್ಣಗೆ ಕಾಯುತ್ತಲೇ ಇರುತ್ತದೆ. ಉಳಿದ ಸಾರು, ಪಲ್ಯ, ಹಾಲು, ಯಾವುದೇ ಆಗಲಿ, ತಂದು ಅದರ ಮುಚ್ಚಳದ ಮೇಲೆ ಕೂರಿಸಿದರೆ ಆಯಿತು, ಗ್ಯಾಸೂ ಉಳಿಯಿತು, ಊಟದ ಹೊತ್ತಿಗೆ ಬೆಚ್ಚಗೂ ಆಯಿತು. ಅಮ್ಮ ಇದನ್ನು ಕಲಿಸಿದಳು, ಅಕ್ಕ ಕಲಿತಳು, ಗಂಡನ ಮನೆಗೂ ಹೊತ್ತುಕೊಂಡು ಹೋದಳು. ನಾನೂ ಆ ಬೆಚ್ಚನೆಯದನ್ನೇ ತಿಂದು ಬೆಳೆದವನು.

ಆದರೆ ನಾಲ್ಕು ವರ್ಷದಿಂದ ನಾನು ಕೆಲಸ ಮಾಡುತ್ತಿರುವುದು ಆಸ್ಪತ್ರೆಯ ಅಡುಗೆಮನೆಯಲ್ಲಿ. ದಿನಕ್ಕೆ ಮುನ್ನೂರು ತಟ್ಟೆ. ಅಲ್ಲಿನ ದೊಡ್ಡ ಅಡುಗೆಯಾಕೆಗೆ ನಾವಿಟ್ಟ ಹೆಸರು ಇನ್‌ಸ್ಪೆಕ್ಟರ್. ಏಪ್ರನ್ನಿನ ಜೇಬಿನಲ್ಲಿ ಯಾವಾಗಲೂ ಒಂದು ಥರ್ಮಾಮೀಟರ್ ಕಡ್ಡಿ. ನಾನು ಸೇರಿದ ವಾರವೇ ಒಂದು ಟ್ರೇ ಮಾಂಸವನ್ನು ಬೆಚ್ಚಗೆ ಮಾಡಿ ಕಳಿಸಲು ಹೊರಟಿದ್ದೆ. ಆಕೆ ಕಡ್ಡಿ ಚುಚ್ಚಿ ನೋಡಿ, ಟ್ರೇಯನ್ನು ನನ್ನ ಕಣ್ಣೆದುರಿಗೇ ಕಸದ ಡಬ್ಬಿಗೆ ಸುರಿದಳು. "ತಣ್ಣಗಿದ್ರೆ ತಣ್ಣಗಿರಬೇಕು, ಸುಡ್ತಿದ್ರೆ ಸುಡ್ತಿರಬೇಕು. ಈ ನಡುವಿನ ಬೆಚ್ಚಗೆ ಇದೆಯಲ್ಲ, ಕ್ರಿಮಿಗೆ ಅದೇ ಹಬ್ಬ. ತಿಳೀತೇನೋ ಮಂಕೇ?" ತಿಳಿಯಿತು. ಬೈಸಿಕೊಂಡು ಕಲಿತದ್ದು ನನಗೆ ಮರೆಯುವುದಿಲ್ಲ.

ಅಮ್ಮ ಆಸ್ಪತ್ರೆಯಿಂದ ಬಂದು ಎರಡೇ ದಿನ. ಕಿಡ್ನಿ ಬದಲಾಯಿಸಿದ್ದಾರೆ. ಕೊಟ್ಟದ್ದು ಚಿಕ್ಕಮ್ಮ, ಅವಳೂ ತನ್ನ ಮನೆಯಲ್ಲಿ ಮಲಗಿದ್ದಾಳೆ. ಹೊಸ ಕಿಡ್ನಿಯನ್ನು ಮೈ ತಳ್ಳಿಹಾಕದಿರಲಿ ಅಂತ ಕೊಡುವ ಮಾತ್ರೆ ಮೈಯ ಕಾವಲನ್ನೇ ಮಲಗಿಸುತ್ತದಂತೆ. ಮನೆಗೆ ಕಳಿಸುವಾಗ ಡಾಕ್ಟರು ನನ್ನ ಕೈ ಹಿಡಿದು ಹೇಳಿದ್ದರು: "ನಿಮಗೆ ಒಂದು ದಿನದ ಹೊಟ್ಟೆನೋವು ಅನ್ನೋದು ಇವರಿಗೆ ವಾಪಸ್ ಇಲ್ಲಿಗೇ ಬರೋ ದಾರಿ." ಹಾಗೆಂದು ಅಮ್ಮ ಉಪವಾಸ ಇರುವ ಹಾಗೂ ಇಲ್ಲ. ಹದಿನೇಳು ದಿನದಿಂದ ಎರಡು ತುತ್ತಿಗಿಂತ ಹೆಚ್ಚು ಉಂಡಿರಲಿಲ್ಲ. ನಿನ್ನೆ ತಾನಾಗಿಯೇ ಬಾಯಿಬಿಟ್ಟು ಕೇಳಿದ್ದಳು, "ನಿನ್ನ ಅಕ್ಕನ ಕೈಯ ಕೋಳಿ ತಿನ್ನಬೇಕು ಅನ್ಸುತ್ತೆ ಕಣೋ." ಅದಕ್ಕೇ ಅಕ್ಕ ಬೇಯಿಸಿಕೊಂಡು ಎರಡು ಬಸ್ಸು ಬದಲಾಯಿಸಿ ಬಂದದ್ದು. ನಾನು ಬೆಳಗಿನ ಪಾಳಿ ಮುಗಿಸಿ ಒಂದು ಗಂಟೆಗೆ ಮನೆಗೆ ಬಂದರೆ, ಕೋಳಿ ಮುಚ್ಚಳದ ಮೇಲೆ ಕೂತಿದೆ.

"ನಗೋದು ಆಮೇಲೆ ನಗಿ ಭಾವ. ಯಾವಾಗಿಂದ ಅಂತ ಹೇಳಿ."

"ಬಂದಾಗ್ಲೇ ಇಟ್ಟಿದ್ದು. ಹತ್ತಕ್ಕೆ."

"ಅಮ್ಮ ತಿಂದಳಾ?"

"ಒಂದು ತುಂಡು ಕೊಡೋಣ ಅಂತ ತಟ್ಟೆ ತಗೊಂಡಿದ್ದೆ, ಅಷ್ಟರಲ್ಲಿ ಸಾಹೇಬರು ಬಂದ್ರಲ್ಲ."

ತಟ್ಟೆ ಅವರ ಕೈಯಲ್ಲೇ ಇತ್ತು. ಖಾಲಿ. ಉಸಿರು ಬಿಟ್ಟೆ. ಕೋಳಿಯಿದ್ದ ಪಾತ್ರೆಯ ಮುಚ್ಚಳ ತೆಗೆದು ತೊಡೆಯ ತುಂಡಿನ ಮೂಳೆಯ ಹತ್ತಿರ ಬೆರಳಿಟ್ಟೆ. ಮಗುವಿಗೆ ಸ್ನಾನ ಮಾಡಿಸುವ ನೀರಿನಷ್ಟು ಬಿಸಿ. ಮೂರು ಗಂಟೆ ಹೀಗೇ ಕೂತಿದೆ.

"ಇದನ್ನ ಅಮ್ಮಂಗೆ ಕೊಡಕ್ಕಾಗಲ್ಲ."

"ಅಲ್ಲ ಕಣ್ರೀ," ಭಾವ ಟೈಲರ್ ಕಡೆ ತಿರುಗಿ, "ಕುದಿಸಿದ್ರೆ ಕ್ರಿಮಿ ಸಾಯ್ತವೆ. ಏಳನೇ ಕ್ಲಾಸಿನ ಪಾಠ. ಇವನು ಏಳು ದಾಟಿದ್ದಾನೆ, ಆದರೂ ಗೊತ್ತಿಲ್ಲ ನೋಡಿ."

"ಕ್ರಿಮಿ ಸಾಯ್ತವೆ ಭಾವ. ಕೆಲವು ಸಾಯೋ ಮೊದಲು ವಿಷ ಕಕ್ಕಿಟ್ಟಿರ್ತವೆ. ಅದು ಕುದಿಸಿದ್ರೂ ಹೋಗಲ್ಲ."

"ಹಾಗಾದ್ರೆ ನನ್ನ ಹೆಂಡ್ತಿ ವಿಷ ತಂದಿದ್ದಾಳೆ ಅನ್ನು!"

ಬಾಯಿಗೆ ಬಂದದ್ದನ್ನು ಹೇಳಿದ್ದರೆ ಅಂದೇ ನೆಂಟಸ್ತನ ಮುಗಿಯುತ್ತಿತ್ತು. ಪಾತ್ರೆ ಎತ್ತಿ, ಅಷ್ಟನ್ನೂ ಕವರಿಗೆ ಸುರಿದು ಗಂಟು ಬಿಗಿದೆ. ಅಪ್ಪ ಆಗ ಪೇಪರ್ ಇಳಿಸಿದರು. "ಅಯ್ಯೋ ಮಗಾ, ಅವಳು ಕೇಳಿದ್ದು ಅದೊಂದೇ ಅಲ್ವೇನೋ," ಎಂದರು. ಭಾವ ಬೈದಾಗಲೂ ಅಷ್ಟು ಚುಚ್ಚಿರಲಿಲ್ಲ. ಒಳಗಿನ ಕೋಣೆಯಿಂದ ಅಮ್ಮನ ಸಣ್ಣ ದನಿ: "ಕೋಳಿ ಆಯ್ತೇನ್ರೋ?"

ಟೈಲರ್ ಚಪ್ಪಲಿ ಹುಡುಕತೊಡಗಿದ.

ಅಮ್ಮನಿಗೆ ತಲೆ ಬಾಚುತ್ತಿದ್ದ ಅಕ್ಕ ಬಾಚಣಿಗೆ ಹಿಡಿದೇ ಓಡಿಬಂದಳು. ಖಾಲಿ ಪಾತ್ರೆ ನೋಡಿದಳು, ಕವರು ನೋಡಿದಳು, ನನ್ನನ್ನು ನೋಡಿದಳು.

"ಬಿಸಾಕಿದ್ಯಾ? ಅಷ್ಟೂ? ನಿನ್ನ ಕೈ ಸೇದಿಹೋಗ! ನಿನ್ನೆ ಸಂಜೆ ಎಲ್ಲಾ ಒಲೆ ಮುಂದೆ ನಿಂತು ಮಾಡಿದ್ದು ಕಣೋ." ಕಣ್ಣು ತುಂಬಿಕೊಂಡಿತ್ತು. ಸೆರಗಿನಲ್ಲಿ ಮೂಗೊರೆಸಿ, "ಪುಣ್ಯಕ್ಕೆ ಇನ್ನರ್ಧ ಫ್ರಿಜ್ಜಲ್ಲಾದ್ರೂ ಇದೆ," ಎಂದಳು.

"ಏನಂದೆ?"

"ಇನ್ನರ್ಧ. ದೊಡ್ಡ ಡಬ್ಬಿ. ಅದು ಮುಚ್ಚಳದ ಮೇಲೆ ಕೂರ್ಲಿಲ್ಲ, ಜಾರ್ತಾ ಇತ್ತು. ಬಂದ ತಕ್ಷಣ ಫ್ರಿಜ್ಜಿಗೆ ತಳ್ಳಿದೆ."

"ನಿನ್ನೆ ಬೆಂದ ಮೇಲೆ ಎಷ್ಟೊತ್ತು ಹೊರಗಿತ್ತು? ಬಸ್ಸಲ್ಲಿ ಹೇಗೆ ತಂದೆ?"

"ಪೊಲೀಸ್ ಥರ ಕೇಳ್ಬೇಡ್ವೋ! ಒಂದು ಗಂಟೆ ಆರೋಕೆ ಬಿಟ್ಟು ಫ್ರಿಜ್ಜಲ್ಲಿಟ್ಟೆ. ಬಸ್ಸಲ್ಲಿ ಸುತ್ತಲೂ ಮಂಜುಗಟ್ಟಿದ ನೀರಿನ ಬಾಟ್ಲಿ. ಚೀಲ ಹೊತ್ತು ನಿಮ್ಮ ಭಾವಂಗೆ ಭುಜ ಹಿಡ್ಕೊಂಡಿದೆ."

ಫ್ರಿಜ್ ತೆಗೆದೆ. ಕೆಳಗಿನ ಅರೆಯಲ್ಲಿ ಸ್ಟೀಲಿನ ದೊಡ್ಡ ಡಬ್ಬಿ. ಮುಟ್ಟಿದರೆ ಬೆರಳು ಮರಗಟ್ಟುವಷ್ಟು ತಣ್ಣಗೆ. ಒಳಗೆ ಸಾರಿನ ಜಿಡ್ಡು ಬೆಳ್ಳಗೆ ಹೆಪ್ಪುಗಟ್ಟಿ ನಿಂತಿದೆ. ಮೂಸಿ ನೋಡಲೂ ಬೇಕಿರಲಿಲ್ಲ, ಆದರೂ ಮೂಸಿದೆ. ಫ್ರಿಜ್ಜಿನ ಬಾಗಿಲು ತೆರೆದೇ ಇಟ್ಟುಕೊಂಡು ನೆಲದ ಮೇಲೆ ಕೂತುಬಿಟ್ಟೆ. ಅಕ್ಕ ಗಾಬರಿಯಾದಳು.

"ಏನಾಯ್ತೋ?"

"ಏನಿಲ್ಲ ಕಣೇ. ಚಂದ ಮಾಡಿದ್ದೀಯ."

ಎದ್ದೆ. ಅಮ್ಮನಿಗೆ ಮತ್ತು ನಮಗೆ ಈಗ ಬೇಕಾದಷ್ಟೇ ತೆಗೆದು, ಮಿಕ್ಕದ್ದನ್ನು ತಣ್ಣಗೇ ಒಳಗಿಟ್ಟೆ. ಎರಡೆರಡು ಸಲ ಬಿಸಿ ಮಾಡುವ ಆಟ ಬೇಡ. ದೊಡ್ಡ ತುಂಡುಗಳನ್ನು ಮೂಳೆಯ ತನಕ ಸೀಳಿದೆ, ಇಡಿಯಾಗಿಟ್ಟರೆ ಮೇಲೆ ಸುಡುತ್ತದೆ, ಒಳಗೆ ತಣ್ಣಗೇ ಇರುತ್ತದೆ. ಅಗಲದ ಬಾಣಲೆ, ಅರ್ಧ ಲೋಟ ನೀರು, ಮುಚ್ಚಳ, ಮುಂದಿನ ಒಲೆಯ ಪೂರ್ತಿ ಉರಿ. ಆಗಾಗ ತಿರುವಿ ಹಾಕಿದೆ. ಹಿಂದಿನ ಒಲೆಯನ್ನು ಆರಿಸಿದಾಗ ಭಾವ, "ಈಗ ನೀರಿಗೂ ಶಿಕ್ಷೆ," ಎಂದರು. ಟೈಲರ್ ಈ ಸಲ ನಗಲಿಲ್ಲ. ಚಪ್ಪಲಿ ಸಿಕ್ಕಿದ್ದರೂ ಹೋಗದೆ ಬಾಗಿಲಲ್ಲೇ ನಿಂತು ನೋಡುತ್ತಿದ್ದ.

ಸಾರು ಕೊತಕೊತ ಕುದಿಯಿತು. ಅಷ್ಟಕ್ಕೇ ಇಳಿಸಲಿಲ್ಲ. ಎಲ್ಲಕ್ಕಿಂತ ದಪ್ಪದ ತುಂಡನ್ನು ತಟ್ಟೆಗೆ ಹಾಕಿ ನಡುವೆ ಸೀಳಿದೆ. ಮೂಳೆಯ ಬುಡದಿಂದಲೇ ಹಬೆ ಎದ್ದಿತು. ಬೆರಳಿಟ್ಟೆ, ಹಾ ಎಂದು ತೆಗೆದೆ. ಇನ್‌ಸ್ಪೆಕ್ಟರ್ ಇದ್ದಿದ್ದರೆ ಕಡ್ಡಿ ಚುಚ್ಚುತ್ತಿದ್ದಳು. ಮನೆಯಲ್ಲಿ ಕಡ್ಡಿಯಿಲ್ಲ, ಅದಕ್ಕೆ ಇನ್ನೈದು ನಿಮಿಷ ಹೆಚ್ಚಿಗೇ ಕುದಿಸಿದೆ. ಬೇರೆ ನೀರು ಕುದಿಸಿ ತಟ್ಟೆಯನ್ನೂ ಚಮಚವನ್ನೂ ಅದರಲ್ಲಿ ಅದ್ದಿ, ಅಮ್ಮನಿಗೆ ಬಡಿಸಿದೆ.

ಅಮ್ಮ ಊದಿ ಊದಿ ಮೊದಲ ತುಂಡು ಬಾಯಿಗಿಟ್ಟಳು. ಕಣ್ಣು ಮುಚ್ಚಿದಳು. ನಾಲ್ಕೂ ಜನ ಅವಳ ದವಡೆಯನ್ನೇ ನೋಡುತ್ತಾ ನಿಂತೆವು.

"ಉಪ್ಪು ಸ್ವಲ್ಪ ಕಮ್ಮಿ," ಎಂದಳು.

"ಡಾಕ್ಟ್ರು ಹೇಳಿದ್ದಮ್ಮಾ," ಎಂದಳು ಅಕ್ಕ.

"ಇರಲಿ ಬಿಡು. ಇನ್ನೊಂದು ತುಂಡು ಹಾಕು."

ಅಪ್ಪ ಗೋಡೆ ಕಡೆ ತಿರುಗಿ ಕನ್ನಡಕ ಒರೆಸಿಕೊಂಡರು. ಅಕ್ಕ ನನ್ನ ಬೆನ್ನಿಗೆ ಒಂದು ಗುದ್ದು ಗುದ್ದಿದಳು, ಪ್ರೀತಿಗೋ ಸಿಟ್ಟಿಗೋ ಅವಳಿಗೇ ಗೊತ್ತಿರಲಿಕ್ಕಿಲ್ಲ. ಅಮ್ಮ ಮೂರನೆಯ ತುಂಡಿನ ಮೂಳೆಯನ್ನು ಚೀಪುತ್ತಿದ್ದಳು.

ಆ ರಾತ್ರಿ, ಮರುದಿನ, ಅದರ ಮರುದಿನವೂ ನಾನು ಅವಳ ಹಣೆ ಮುಟ್ಟಿ ನೋಡುವವನೇ. ಅದು ಬೇರೆ. ಆದರೆ ಆ ಗಳಿಗೆಯಲ್ಲಿ ನನಗೆ ಯಾರ ಮೇಲೂ ಸಿಟ್ಟು ಹುಡುಕಿದರೂ ಸಿಗಲಿಲ್ಲ. ಕವರಿನ ಗಂಟು ಕೈಗೆತ್ತಿಕೊಂಡು, ಬೀದಿ ತುದಿಯ ಕಸದ ತೊಟ್ಟಿಗೆ ಹಾಕಿಬರೋಣವೆಂದು ಹೊರಟೆ.

ಊಟಕ್ಕೆ ಕೂತಿದ್ದ ಭಾವನ ತಟ್ಟೆಯಲ್ಲೂ ಹಬೆಯಾಡುತ್ತಿತ್ತು. ಬಾಯಿ ತುಂಬಿದ್ದರೂ ದನಿಗೆ ಅಡ್ಡಿಯಾಗಲಿಲ್ಲ.

"ಏನಯ್ಯಾ, ನಾಲಿಗೆ ಸುಟ್ಟುಹೋಯ್ತು! ಈಗ ಇದಕ್ಕೆ ನಿಮ್ಮ ಆಸ್ಪತ್ರೇಲಿ ಏನು ಔಷಧ ಕೊಡ್ತಾರೆ, ಅದನ್ನೂ ಹೇಳಿಬಿಡು. ಹೇಳಯ್ಯಾ, ಯಾಕೆ ಸುಮ್ಮನಾದೆ?"

ಅಪ್ಪ ನನ್ನ ಮುಖ ನೋಡಿದರು, ಈಗ ಶುರುವಾಯಿತು ಎನ್ನುವ ಹಾಗೆ. ಒಳಗಿಂದ ಚಮಚ ತಟ್ಟೆಗೆ ತಾಗುವ ಸದ್ದು ಕೇಳಿಸುತ್ತಲೇ ಇತ್ತು. ನಾನು ಚಪ್ಪಲಿ ಮೆಟ್ಟಿಕೊಂಡು, ಟೈಲರ್ ಸರಿದು ಬಿಟ್ಟ ದಾರಿಯಲ್ಲಿ ಮೆಟ್ಟಿಲಿಳಿದು ಬೀದಿಗೆ ನಡೆದೆ.