ಮಣಿಕಟ್ಟಿನ ಪಟ್ಟಿ

"ಪ್ರೆಸ್ಸು ನನ್ನದು, ಸೈಕಲ್ ಟ್ಯೂಬು ನನ್ನದು, ನೀನು ದುಡಿಯೋ ಹೊತ್ತೂ ನನ್ನದೇ. ಅದರೊಳಗೆ ಹುಟ್ಟಿದ ಬುದ್ಧಿ ಮಾತ್ರ ನಿಮ್ಮಪ್ಪನ ಮನೇದಾ, ಮುಂಡೇದೇ?"

ಸಾಹುಕಾರನ ಕೋಣೆಯ ಬಾಗಿಲಲ್ಲಿ ನಿಂತಿದ್ದ ಮೋಟಕ್ಕ ಬಟ್ಟೆಗೆ ಕೈ ಒರೆಸಿಕೊಂಡಳು. ರಟ್ಟು ಕತ್ತರಿಸುವ ಪ್ರೆಸ್ಸು ಬಲಗೈಯ ಎರಡು ಬೆರಳು ತಿಂದಂದಿನಿಂದ ಅವಳಿಗೆ ಅದೇ ಹೆಸರು.

"ಬೆರಳು ಹೋದಾಗ ಅದು ಯಾರ್ದಾಗಿತ್ತು ಧಣೀ? ಆವತ್ತು 'ನಿನ್ನ ಕೈ, ನಿನ್ನ ಹುಷಾರು' ಅಂದ್ರಿ."

ಗಾಯ ಆರಿದ ಮೇಲೆ ಅವಳೇ ಒಂದು ಉಪಾಯ ಹೂಡಿದ್ದಳು. ಹಳೆಯ ಟ್ಯೂಬನ್ನು ಪಟ್ಟಿಯಾಗಿ ಸೀಳಿ, ಪ್ರೆಸ್ಸಿನ ನೆತ್ತಿಯ ಮೇಲೊಂದು, ಬೆನ್ನ ಹಿಂದೆ ಸೊಂಟದ ಮಟ್ಟದಲ್ಲೊಂದು ರಾಟೆಯಿಂದ ಹಾಯಿಸಿ, ಒಂದು ತುದಿ ಪ್ರೆಸ್ಸಿನ ತೋಳಿಗೆ, ಇನ್ನೊಂದು ಮಣಿಕಟ್ಟಿಗೆ. ತೋಳು ಇಳಿದರೆ ಪಟ್ಟಿ ಕೈಯನ್ನು ಹಿಂದಕ್ಕೆ ಜಗ್ಗುತ್ತದೆ. ಎರಡೂ ಕೈಗೆ ತಾನೇ ಕಟ್ಟಿಕೊಳ್ಳಲು ಯಾರಿಂದಲೂ ಆಗದು, ಪಕ್ಕದವಳು ಕಟ್ಟಬೇಕು. ಕಟ್ಟಿದವಳು ಕಲಿತಳು. ಊಟದ ಹೊತ್ತಿನಲ್ಲಿ ಮೋಟಕ್ಕ, ಜೊತೆಗೆ ಇನ್ನೂ ಕೆಲವರು, ಹಿಂದಿನ ಬೀದಿಯ ಕಾರ್ಖಾನೆಗೂ ಹೋಗಿ ಕಟ್ಟಿಬಂದರು. ಅಲ್ಲಿ ಮೋಟಕ್ಕನ ನಾದಿನಿ ದುಡಿಯುತ್ತಿದ್ದಳು. ಗುಟ್ಟಾಗಿಡಬೇಕೆಂದು ಯಾರಿಗೂ ಹೊಳೆಯಲೇ ಇಲ್ಲ.

ಕುರ್ಚಿಯಲ್ಲಿದ್ದ ವಕೀಲ ಸಮಾಧಾನದ ದನಿ ತೆಗೆದ. "ಇದಕ್ಕೆ ಸಾಹುಕಾರ್ರ ಹೆಸರಲ್ಲಿ ಪೇಟೆಂಟ್ ಕೇಳಿದೀವಮ್ಮ. ಸಿಕ್ರೆ ಬೇರೆ ಯಾರೂ ಹಂಗೆ ಕಟ್ಟೋ ಹಾಗಿಲ್ಲ. ಅರ್ಜಿ ಹಾಕೋಕೆ ಮುಂಚೆನೇ ಹೊರಗಡೆ ಕಟ್ಟಿದ್ರು ಅಂತಾದ್ರೆ ಮಾತ್ರ ಎಲ್ಲಾ ಬಿದ್ದುಹೋಗುತ್ತೆ. ಎಲ್ಲೂ ಕಟ್ಟಿರಲಿಲ್ಲ ಅಂತ ಒಂದು ರುಜು ಹಾಕು. ನಿನ್ನನ್ನ ಮೇಸ್ತ್ರಿ ಮಾಡ್ತಾರೆ."

ಹಿಂದಿನ ಬೀದಿಗೆ ಆಗಲೇ ಸಾಹುಕಾರನ ಕಡೆಯಿಂದ ಹೆದರಿಸುವ ನೋಟೀಸು ಹೋಗಿ, ಅಲ್ಲಿ ಪಟ್ಟಿಗಳನ್ನೆಲ್ಲ ಕತ್ತರಿಸಿ ಬಿಸಾಡಿದ್ದರು. ನೆನ್ನೆ ಉಣ್ಣಲು ಕೂತಾಗ ನಾದಿನಿ, "ಅತ್ತಿಗೇ, ಬರಿಗೈಲಿ ರಟ್ಟು ಹಾಕ್ತಿದೀನಿ. ಇನ್ನೇನು, ನಿನ್ನ ಹೆಸರಿಗೆ ನಾನೂ ಪಾಲುದಾರಳಾಗ್ತೀನಿ," ಎಂದು ನಕ್ಕಿದ್ದಳು. ಮನೆಯಲ್ಲಿ ಬೇರೆ ಯಾರೂ ನಕ್ಕಿರಲಿಲ್ಲ.

"ಕಟ್ಟಿದ್ರು ಸ್ವಾಮಿ," ಎಂದಳು ಮೋಟಕ್ಕ. "ನಿಮ್ಮ ಅರ್ಜಿಗಿಂತ ಎಷ್ಟೋ ಮುಂಚೆ. ನಾನೇ ಹೋಗಿ ಕಟ್ಟಿಬಂದೆ. ಅದನ್ನೇ ಬರ್ಕೊಳ್ಳಿ, ರುಜು ಹಾಕ್ತೀನಿ."

ವಕೀಲ ಪೆನ್ನಿನ ಮುಚ್ಚಳ ಹಾಕಿದ. ಸಾಹುಕಾರ ಅವಳ ರಟ್ಟೆ ಹಿಡಿದು ದರದರನೆ ಎಳೆದು ತಂದು ಪ್ರೆಸ್ಸುಗಳ ಸಾಲಿನ ಮುಂದೆ ನಿಲ್ಲಿಸಿದ.

"ಈ ಲೌಡಿ ನಮ್ಮ ಪಟ್ಟಿ ಹೊರಗೆ ಕಟ್ಟಿದ್ಲಂತೆ! ಕಂಡೋರು ಯಾರ್ರೇ? ಕೈ ಎತ್ರಿ. ಅವಳ ಜೊತೆಗೇ ಗೇಟಿಂದಾಚೆ ಹೋಗ್ಬಹುದು."

ಯಾರೂ ತಲೆಯೆತ್ತಲಿಲ್ಲ. ಕೈಯೆತ್ತಲು ಪಟ್ಟಿ ಬಿಡುತ್ತಿರಲಿಲ್ಲ. ಪ್ರೆಸ್ಸುಗಳ ತೋಳುಗಳು ಇಳಿದವು, ಕೈಗಳು ಹಿಂದೆ ಸರಿದವು. ತೋಳುಗಳು ಏರಿದವು, ಕೈಗಳು ಮುಂದೆ ಚಾಚಿದವು.

"ನೋಡಿದ್ಯೇನೇ ನಿನ್ನ ಸಾಕ್ಷಿಗಳನ್ನ?" ಸಾಹುಕಾರ ನಕ್ಕ.

ಕೊನೆಯ ಪ್ರೆಸ್ಸಿನ ಮುದುಕಿ ರಟ್ಟು ಹಾಕುವುದನ್ನು ನಿಲ್ಲಿಸಿದಳು. ಬಗ್ಗಿ ಮಣಿಕಟ್ಟನ್ನು ಬಾಯಿಗೆ ತಂದು ಗಂಟನ್ನು ಹಲ್ಲಿನಲ್ಲಿ ಕಚ್ಚಿದಳು. ಓಡುತ್ತಲೇ ಇದ್ದ ಪ್ರೆಸ್ಸಿನ ತೋಳು ಇಳಿದು ಕೈಯನ್ನು ಬಾಯಿಂದ ಕಿತ್ತುಕೊಂಡಿತು. ಮತ್ತೆ ತಂದಳು, ಮತ್ತೆ ಕಿತ್ತುಕೊಂಡಿತು. ವಸಡಿನಿಂದ ರಕ್ತ ಗಲ್ಲಕ್ಕೆ ಇಳಿಯಿತು.

ಬಿಚ್ಚಲೆಂದು ಮೋಟಕ್ಕ ಮುಂದೆ ಬಂದಳು.

"ನೀನು ಮುಟ್ಬೇಡ್ವೇ," ಮುದುಕಿ ಗದರಿದಳು. "ಆಮೇಲೆ ನೀನೇ ಬಿಚ್ಚಿ ಕೈ ಎತ್ತಿಸಿದ್ದು ಅಂತಾರೆ."

ತೋಳು ಏರುವುದನ್ನು ಕಾದು ಅವಳು ಮತ್ತೆ ಬಾಯಿ ಹಾಕಿದಳು.