ಬೆನಕಪ್ಪನನ್ನು ಕರೆಯುವುದೋ ಬೇಡವೋ

ಜಗಳೂರಿನ ಬಿಳಿಚೋಡು ರಸ್ತೆಯಲ್ಲಿದ್ದ ಪಂಚಾಕ್ಷರಪ್ಪನವರ ಶೇಂಗಾ ಮಿಲ್ಲಿನಲ್ಲಿ ಆ ದಿನ ಕಾಯಿ ಸುಲಿಯುವ ಯಂತ್ರವನ್ನು ಬಿಚ್ಚಿ ಸೀಮೆಎಣ್ಣೆಯಲ್ಲಿ ತೊಳೆಯುತ್ತಿದ್ದರು. ಎಂಬತ್ತೊಂದನೆಯ ಇಸವಿ. ಆಯುಧಪೂಜೆಗೆ ಇನ್ನೊಂದು ವಾರವಿತ್ತು. ಹಮಾಲರು ತಕ್ಕಡಿಯ ಪರಡಿಗಳಿಗೆ ಹುಣಸೆಹಣ್ಣು ಹಚ್ಚಿ ತಿಕ್ಕುತ್ತಿದ್ದರು. ಮಿಲ್ಲಿನ ಲೆಕ್ಕ ನೋಡುವ ರೈಟರ್ ಷಣ್ಮುಖಪ್ಪನನ್ನು ಸಾವ್ಕಾರರು ಹತ್ತಿರ ಕರೆದರು.

“ಈ ಸಾರಿ ಹಬ್ಬದ ಪಾರ್ಟಿ ನೀನೇ ನೋಡ್ಕೊ. ಹೋದ ವರ್ಷದಂಗೆ ಆಗಬಾರ್ದು. ಹಂಗಂತ ಆಳುಗಳಿಗೆ ಖುಷಿ ಇಲ್ದಂಗೂ ಆಗಬಾರ್ದು. ಸೀಜನ್ ಶುರುವಾಗೋ ಹೊತ್ನಾಗೆ ಅವರು ಮುಖ ಊದಿಸ್ಕಂಡು ಕುಂತ್ರೆ ಮೂಟೆ ಎತ್ತೋರು ಯಾರು?”

“ಅಂದ್ರೆ ಸಾರಾಯಿ ಬ್ಯಾಡ ಅಂತೀರಾ ಸಾವ್ಕಾರ್ರೆ?”

“ನಾನೆಲ್ಲಿ ಹಂಗಂದೆ? ಅದನ್ನೆಲ್ಲ ನನ್ನ ಮುಂದೆ ಎತ್ತಬ್ಯಾಡ. ನಾನು ಪೂಜೆ ಮುಗಿಸಿ ಮನೆಗೆ ಹೋಗ್ತೀನಿ. ಆಮೇಲಿಂದು ನಿಮ್ಮದು.”

ಇದು ಹೌದು ಎಂಬ ಮಾತೋ ಅಲ್ಲ ಎಂಬ ಮಾತೋ ಷಣ್ಮುಖಪ್ಪನಿಗೆ ತಿಳಿಯಲಿಲ್ಲ. ಹೋದ ವರ್ಷ ಏನಾಯಿತು ಎಂಬುದು ಮಾತ್ರ ಚೆನ್ನಾಗಿ ನೆನಪಿತ್ತು.

ಮಿಲ್ಲಿನ ಎಂಜಿನ್ ನಡೆಸುವ ಬೆನಕಪ್ಪ ಹರೆಯದಲ್ಲಿ ಬಯಲಾಟದಲ್ಲಿ ಅರಸನ ಪಾತ್ರ ಕಟ್ಟುತ್ತಿದ್ದವನು. ಪ್ರತಿ ವರ್ಷ ಪೂಜೆಯ ದಿನ ಎಲ್ಲರೂ ಸೇರಿ ಅವನಿಗೆ ಕುಡಿಸಿ, ಮೂಟೆಗಳ ಮೇಲೆ ಹತ್ತಿಸಿ, ಅರಸನ ಮಾತು ಹೇಳಿಸುತ್ತಿದ್ದರು. ಅವನು ಎರಡು ಮಾತು ಹೇಳಿ ತೊದಲುವುದು, ಕೈ ಬೀಸಿ ಜೋಲಿ ಹೊಡೆಯುವುದು, ಕೊನೆಗೆ ಉರುಳಿ ಬೀಳುವುದು, ಮಿಲ್ಲಿನವರಿಗೆ ಇದೇ ಹಬ್ಬ. ಹೋದ ವರ್ಷ ಅವನು ಹಾಗೆ ಬಿದ್ದವನು ಎದ್ದು ಮನೆಗೆ ಹೊರಟು, ರಸ್ತೆಯ ಚರಂಡಿಯ ಪಕ್ಕ ಮಲಗಿಬಿಟ್ಟಿದ್ದ. ಮಗಳನ್ನು ನೋಡಲು ಹೊನ್ನಾಳಿಯಿಂದ ಬಂದ ಗಂಡಿನವರು ಅದೇ ಸಂಜೆ ಬಸ್ಸಿಳಿದು ಆ ದಾರಿಯಲ್ಲೇ ನಡೆದು ಬಂದರು. ಮನೆಯ ಹೊಸ್ತಿಲು ತುಳಿಯದೆ ಹಿಂದಿರುಗಿದರು. ಯುಗಾದಿಯಿಂದ ಈಚೆಗೆ ಬೆನಕಪ್ಪ ಸಾರಾಯಿ ಮುಟ್ಟಿರಲಿಲ್ಲ.

ಷಣ್ಮುಖಪ್ಪ ಮೊದಲು ಹಮಾಲರ ಮುಖಂಡ ಚಿತ್ತಪ್ಪನನ್ನು ಕೇಳಿದ. ಚಿತ್ತಪ್ಪ ಬೀಡಿ ಆರಿಸಿ ಕಿವಿಯ ಮೇಲಿಟ್ಟುಕೊಂಡ.

“ಬೆನಕಣ್ಣ ಇಲ್ದೆ ಪಾರ್ಟಿ ಎಂಥದ್ರಿ ರೈಟ್ರೆ? ವರ್ಷವೆಲ್ಲ ಬೆನ್ನು ಬಾಗಿಸಿ ಮೂಟೆ ಹೊರ್ತೀವಿ. ನಗಾಕೆ ಅಂತ ಇರೋದು ಅದೊಂದು ದಿನ.”

“ಅವನು ಬಿಟ್ಟಾನಲ್ಲೋ.”

“ಬಿಟ್ಟಾನೆ, ಸರಿ. ಒಂದು ಲೋಟದಿಂದ ಏನಾಗ್ತೈತಿ? ನಾವೇನು ಅವನ ಹಗೆಗಳಾ? ಪ್ರೀತಿಗೆ ಕೊಡ್ತೀವಿ.”

ಚಿತ್ತಪ್ಪ ಸುಳ್ಳು ಹೇಳುತ್ತಿರಲಿಲ್ಲ. ಎರಡು ವರ್ಷದ ಹಿಂದೆ ಬೆನಕಪ್ಪನಿಗೆ ಕಾಮಾಲೆಯಾದಾಗ ಅವನನ್ನು ಸೈಕಲ್ಲಿನ ಮೇಲೆ ಕೂರಿಸಿಕೊಂಡು ಆಸ್ಪತ್ರೆಗೆ ತಳ್ಳಿಕೊಂಡು ಹೋದವನು ಇವನೇ. ಷಣ್ಮುಖಪ್ಪ ತಲೆ ಕೆರೆದುಕೊಂಡು ಎದ್ದ.

ಅವನು ಮನೆ ಮುಟ್ಟುವಷ್ಟರಲ್ಲಿ ಬೆನಕಪ್ಪನ ಹೆಂಡತಿ ಶಂಕ್ರಮ್ಮ ಜಗಲಿಯ ಮೇಲೆ ಕುಳಿತಿದ್ದಳು. ಸುದ್ದಿ ಹೇಗೆ ಮುಟ್ಟಿತೋ. ಚಹಾ ಕೊಟ್ಟರೂ ಮುಟ್ಟಲಿಲ್ಲ.

“ಅಣ್ಣಾರೆ, ಅವರನ್ನ ಕರೀಬ್ಯಾಡ್ರಿ. ಪೂಜೆ ಮಾಡಿಸ್ರಿ, ಕಾಯಿ ಕೈಗೆ ಕೊಟ್ಟು ಮನೆಗೆ ಕಳಿಸ್ರಿ. ದೀಪಾವಳಿ ಆದ್ಮೇಲೆ ನ್ಯಾಮತಿಯವರು ಹುಡುಗಿ ನೋಡಾಕೆ ಬರ್ತಾರೆ.”

“ಕರೀದಿದ್ರೆ ಅವನಿಗೆ ಬ್ಯಾಸರ ಆಗಲ್ವೇನವ್ವ?”

“ಆಗ್ಲಿ. ಬ್ಯಾಸರ ಆದ್ರೆ ನಾನು ನೋಡ್ಕಂತೀನಿ. ಅವತ್ತು ನೀವೂ ಮಿಲ್ಲಿನಾಗೇ ಇದ್ರಿ. ಅವರು ಚರಂಡಿ ಪಕ್ಕ ಬಿದ್ದಾಗ ಎತ್ತಾಕೆ ಬಂದೋರು ನನ್ನ ಮಗಳೊಬ್ಬಳೇ.”

ಷಣ್ಮುಖಪ್ಪ ಒಪ್ಪಿಕೊಂಡ. ಕರೆಯುವುದಿಲ್ಲ ಎಂದು ಅವಳಿಗೆ ಮಾತು ಕೊಟ್ಟ. ಆ ಮಾತು ಒಂದು ದಿನ ಉಳಿಯಿತು ಅಷ್ಟೆ.

ಮರುದಿನ ಎಂಜಿನ್ ಮನೆಯಲ್ಲಿ ಬೆನಕಪ್ಪ ಹಿತ್ತಾಳೆಯ ನಲ್ಲಿಗಳನ್ನು ಒರೆಸುತ್ತ ತಾನಾಗಿಯೇ ಮಾತು ತೆಗೆದ.

“ನನ್ನ ಬಿಟ್ಟು ಪಾರ್ಟಿ ಮಾಡ್ತೀರಂತೆ.”

“ಹಂಗಲ್ಲ ಬೆನಕಪ್ಪ. ನಿನ್ನ ಒಳ್ಳೇದಕ್ಕೆ.”

“ಒಳ್ಳೇದಕ್ಕೇ ಇರಬೌದು. ಆದ್ರೆ ರೋಗ ಬಂದ ದನಾನ ಬ್ಯಾರೆ ಕಟ್ಟಿದಂಗೆ ನನ್ನ ಕಟ್ಟಬ್ಯಾಡ್ರಿ. ಹದಿನೈದು ವರ್ಷದಿಂದ ಈ ಎಂಜಿನ್ನಿಗೆ ಪೂಜೆ ಮಾಡಿದೋನು ನಾನು. ಅದರ ಹಬ್ಬದಾಗೆ ನನಗೆ ಎಲೆ ಇಲ್ಲಾಂದ್ರೆ ಹೆಂಗೆ?”

“ಹಂಗಾದ್ರೆ ಬಾ. ಕುಡೀಬ್ಯಾಡ, ಅಷ್ಟೇ.”

ಬೆನಕಪ್ಪ ಕೈಯಲ್ಲಿದ್ದ ಬಟ್ಟೆಯನ್ನು ಹಿಂಡಿದ. “ಬಂದು ಏನು ಮಾಡ್ಲಿ ಹೇಳ್ರಿ. ಕುಡೀದೆ ಅವರ ಮಧ್ಯೆ ಹೆಂಗೆ ಕೂರಬೇಕು, ಕೈ ಎಲ್ಲಿ ಇಟ್ಕಬೇಕು, ನಂಗೇ ಗೊತ್ತಿಲ್ಲ. ಕುಡೀದ ಬೆನಕಪ್ಪನ್ನ ಅವರು ನೋಡಿಲ್ಲ. ನಿಜ ಹೇಳ್ಬೇಕಂದ್ರೆ ನಾನೂ ಸರಿಯಾಗಿ ನೋಡಿಲ್ಲ.”

ಷಣ್ಮುಖಪ್ಪನ ಗೊಂದಲ ಇನ್ನೂ ಹೆಚ್ಚಿತು. ಕರೆದರೆ ಶಂಕ್ರಮ್ಮನಿಗೆ ಕೊಟ್ಟ ಮಾತು ಹೋಯಿತು. ಕರೆಯದಿದ್ದರೆ ಬೆನಕಪ್ಪನ ಮರ್ಯಾದೆ ಹೋಯಿತು. ಸಾರಾಯಿ ಇದ್ದರೆ ಒಬ್ಬನಿಗೆ ಕೇಡು, ಇಲ್ಲದಿದ್ದರೆ ಇಪ್ಪತ್ತು ಜನರ ಸಿಟ್ಟು. ತಾನೂ ಹಬ್ಬದ ದಿನ ಒಂದು ಲೋಟ ಹಾಕುವವನೇ ಆದ್ದರಿಂದ ಬೇರೆಯವರಿಗೆ ಬುದ್ಧಿ ಹೇಳುವ ಬಾಯಿಯೂ ಅವನಿಗಿರಲಿಲ್ಲ. ಹೆಂಡತಿ ನಿರ್ಮಲಮ್ಮ ರೊಟ್ಟಿ ತಟ್ಟುತ್ತ ಎಲ್ಲವನ್ನೂ ಕೇಳಿಸಿಕೊಂಡಳು.

“ಪಾರ್ಟಿ ಪಾರ್ಟಿ ಅಂತೀರಲ್ಲ, ಕಾಯಿ ಆರಿಸೋ ಹೆಂಗಸ್ರೂ ನಿಮ್ಮ ಮಿಲ್ಲಿನೋರೇ ಅಲ್ವಾ? ಅವರಿಗೊಂದು ಸೇರು ಮಂಡಕ್ಕಿ ಕೊಟ್ಟು ಮಧ್ಯಾಹ್ನಕ್ಕೇ ಮನೆಗೆ ಅಟ್ತೀರಿ. ಆಮೇಲೆ ಗಂಡಸರು ಬಿದ್ರೆ ಎತ್ತಾಕೆ ಮಾತ್ರ ನಾವು ಬೇಕು.”

ಆ ಮಾತಿನ ಮೇಲೆ ಅವನು ಒಂದು ನಿರ್ಧಾರಕ್ಕೆ ಬಂದ. ಅದು ಸರಿಯೋ ತಪ್ಪೋ ಅವನಿಗೆ ಗೊತ್ತಿರಲಿಲ್ಲ. ಪೂಜೆಯಾದ ಕೂಡಲೇ ಮಿಲ್ಲಿನ ಕಣದಲ್ಲಿಯೇ ಊಟ. ಎಲ್ಲರೂ ಹೆಂಡತಿ ಮಕ್ಕಳೊಂದಿಗೆ ಬರಬೇಕು. ಹೋಳಿಗೆ, ಕಟ್ಟಿನ ಸಾರು, ಹಪ್ಪಳ. ಸಾರಾಯಿ ಇಲ್ಲ. ಶಂಕ್ರಮ್ಮನ ಮನೆಗೆ ತಾನೇ ಹೋಗಿ, “ಕೊಟ್ಟ ಮಾತು ಮುರಿದೆ ತಾಯಿ. ನೀವೂ ಬರ್ರಿ, ಮಗಳನ್ನೂ ಕರ್ಕಂಡು ಬರ್ರಿ” ಎಂದ. ಅವಳು ಬಾಗಿಲಲ್ಲಿ ನಿಂತು ಕೇಳಿದಳೇ ಹೊರತು ಹೂಂ ಎನ್ನಲಿಲ್ಲ.

“ಇದು ಪಾರ್ಟಿ ಅಲ್ಲ ರೈಟ್ರೆ, ಮದುವೆ ಬೀಗರೂಟ” ಎಂದು ಚಿತ್ತಪ್ಪ ಮುಖ ತಿರುಗಿಸಿದ.

ಪೂಜೆಯ ದಿನ ಎಂಜಿನ್ನಿಗೆ ಚೆಂಡುಹೂವಿನ ಹಾರ ಬಿತ್ತು. ಬೂದುಗುಂಬಳ ಒಡೆದರು. ಸಾವ್ಕಾರರು ಮಂಗಳಾರತಿ ತೆಗೆದುಕೊಂಡು ಮನೆಗೆ ಹೋದರು. ಕಣದಲ್ಲಿ ಪಂಕ್ತಿ ಕೂತಿತು. ಒಂದು ಕಡೆ ಗಂಡಸರು, ಇನ್ನೊಂದು ಕಡೆ ಹೆಂಗಸರು ಮಕ್ಕಳು. ಶಂಕ್ರಮ್ಮ ಬಂದಿದ್ದಳು. ಆದರೆ ಊಟ ಮುಗಿಯುವವರೆಗೆ ಯಾರೂ ಬಾಯಿ ಬಿಡಲಿಲ್ಲ. ಹೆಂಡತಿಯರ ಎದುರು ಗಂಡಸರಿಗೆ ಏನು ಮಾತಾಡಬೇಕೆಂದು ತೋಚಲಿಲ್ಲ. ಷಣ್ಮುಖಪ್ಪ ತುಪ್ಪ ಬಡಿಸುತ್ತ, ಇದೇನು ಹಬ್ಬವೋ ತಿಥಿಯೋ ಎಂದು ತನ್ನೊಳಗೇ ನೊಂದುಕೊಂಡ.

ಕೈ ತೊಳೆದ ಮೇಲೆ ಚಿತ್ತಪ್ಪ ನಾಲ್ಕೈದು ಜನರನ್ನು ಕರೆದುಕೊಂಡು ಶೇಂಗಾ ಹೊಟ್ಟಿನ ರಾಶಿಯ ಹಿಂದಕ್ಕೆ ಹೋದ. ಅಲ್ಲಿ ಏನಿತ್ತೆಂಬುದು ಎಲ್ಲರಿಗೂ ಗೊತ್ತಿತ್ತು. ಹೋಗುವಾಗ ಅವನು ಬೆನಕಪ್ಪನ ಹೆಗಲು ಮುಟ್ಟಿ, “ಬಾರಣ್ಣ, ಅರಸು ಇಲ್ದೆ ಆಸ್ಥಾನ ನಡಿಯಲ್ಲ” ಎಂದ. ಷಣ್ಮುಖಪ್ಪನಿಗೂ ಕಣ್ಣು ಮಿಟುಕಿಸಿದ.

ಬೆನಕಪ್ಪ ಎದ್ದ. ಶಂಕ್ರಮ್ಮ ತಲೆ ತಗ್ಗಿಸಿದಳು. ಅವನು ಹೊಟ್ಟಿನ ರಾಶಿಯ ಕಡೆಗೊಮ್ಮೆ, ಪಂಕ್ತಿಯ ಕಡೆಗೊಮ್ಮೆ ನೋಡಿದ. ಆಮೇಲೆ ಕಣದ ನಡುವೆ ಬಂದು ನಿಂತು, ಹೆಗಲ ಟವೆಲ್ಲನ್ನು ನಡುವಿಗೆ ಬಿಗಿದು, ಅರಸನ ಮಾತು ಶುರು ಮಾಡಿದ.

“ಎಲೈ ಸಾರಥಿಯೇ, ಕುದುರೆಗಳನ್ನು ತಡೆ. ಈ ರಣಭೂಮಿಯಲ್ಲಿ ನನ್ನ ಕಂದ ಮಲಗಿದ ಜಾಗ ಯಾವುದು?”

ಅಷ್ಟಕ್ಕೇ ಮುಂದಿನದು ಮರೆತುಹೋಯಿತು. ಬಾಯಿ ಆಡಿತು, ಮಾತು ಬರಲಿಲ್ಲ. ಹುಡುಗಿಯೊಬ್ಬಳು ಕಿಸಕ್ಕೆಂದಳು. ರಾಶಿಯ ಹಿಂದಿನಿಂದ ಯಾರೋ ಸಿಳ್ಳೆ ಹಾಕಿ, “ಒಂದು ಗುಟುಕು ಬಿದ್ರೆ ಬರ್ತೈತಿ ಬಾರಣ್ಣ” ಎಂದರು. ಬೆನಕಪ್ಪನ ಹಣೆಯಲ್ಲಿ ಬೆವರು ಮೂಡಿತು. ಕಾಲು ಆ ಕಡೆಗೇ ಒಂದು ಹೆಜ್ಜೆ ಇಟ್ಟಿತು.

ಷಣ್ಮುಖಪ್ಪ ಮುಂದಿನ ಮಾತು ಹೇಳಿಕೊಡಲು ಬಾಯಿ ತೆರೆದ. ಅವನಿಗೆ ಒಂದಕ್ಷರವೂ ಹೊಳೆಯಲಿಲ್ಲ. ಇಷ್ಟು ವರ್ಷ ಇದೇ ಮಾತನ್ನು ಇದೇ ಜಾಗದಲ್ಲಿ ಕೇಳಿದ್ದ. ಆದರೆ ಕೇಳಿದ್ದು ಯಾವಾಗ? ಇವನು ಯಾವಾಗ ಬೀಳುತ್ತಾನೋ ಎಂದು ಕಾಯುತ್ತಿದ್ದುದಷ್ಟೆ. ಅಕ್ಕಪಕ್ಕದವರ ಮುಖ ನೋಡಿದ. ಅವರಿಗೂ ಗೊತ್ತಿರಲಿಲ್ಲ.

ಹೆಂಗಸರ ಸಾಲಿನಿಂದ ಒಂದು ದನಿ ಬಂತು. ಶಂಕ್ರಮ್ಮ ತಲೆ ಎತ್ತದೆಯೇ, ಸೆರಗಿನ ಅಂಚು ಹಿಡಿದುಕೊಂಡು ಮೆಲ್ಲಗೆ ಹೇಳಿದಳು: “ಮೆಲ್ಲಗೆ ಹೊಡಿ ಸಾರಥಿ...”

ಬೆನಕಪ್ಪ ಅವಳ ಕಡೆ ತಿರುಗಿದ.

“ಮೆಲ್ಲಗೆ ಹೊಡಿ ಸಾರಥಿ, ಮೆಲ್ಲಗೆ. ರಥದ ಗಾಲಿಯ ಸದ್ದಿಗೆ ನನ್ನ ಮಗ ಎಚ್ಚರಗೊಂಡಾನು. ಎಚ್ಚರಗೊಂಡರೆ, ಅಪ್ಪಾ, ನನ್ನನ್ನು ಈ ಯುದ್ಧಕ್ಕೆ ಯಾಕೆ ತಂದೆ ಎಂದು ಕೇಳಿಯಾನು. ಏನೆಂದು ಉತ್ತರ ಕೊಡಲಿ?”

ಆಮೇಲೆ ಅವನು ನಿಲ್ಲಲಿಲ್ಲ. ಅದು ಮಗನನ್ನು ಕಳೆದುಕೊಂಡ ಅರಸನ ಅಳಲು ಎಂಬುದು ಮಿಲ್ಲಿನವರಿಗೆ ಅಂದೇ ಮೊದಲು ತಿಳಿಯಿತು. ಎರಡು ಕಡೆ ತಪ್ಪಿದ. ಶಂಕ್ರಮ್ಮ ಹೇಳಿಕೊಟ್ಟಳು. ಚಿತ್ತಪ್ಪನ ಕಡೆಯಿಂದ ಮತ್ತೆ ಸಿಳ್ಳೆ ಬಂದಾಗ ಷಣ್ಮುಖಪ್ಪ ಹೋಗಲಿಲ್ಲ. ಬೆನಕಪ್ಪನಿಗೆ ಕಾಣುವಂತೆ ಮುಂದೆ ಬಂದು ನೆಲದ ಮೇಲೆ ಕುಳಿತ. ಉಳಿದವರೂ ಒಬ್ಬೊಬ್ಬರಾಗಿ ಹತ್ತಿರ ಸರಿದರು.

ನಗುವಿನ ಸದ್ದೇ ಇಲ್ಲದ್ದು ಕಂಡು ಚಿತ್ತಪ್ಪ ರಾಶಿಯ ಅಂಚಿಗೆ ಬಂದು ನಿಂತ. ಕೈಯಲ್ಲಿದ್ದ ಲೋಟವನ್ನು ಬೆನ್ನ ಹಿಂದೆ ಹಿಡಿದುಕೊಂಡಿದ್ದ. ಮಾತು ಮುಗಿದು ಬೆನಕಪ್ಪ ಟವೆಲ್ಲಿನಿಂದ ಮುಖ ಒರೆಸಿಕೊಳ್ಳುತ್ತಿದ್ದಾಗ ಅವನು ಕೇಳಿದ.

“ಇಷ್ಟುದ್ದ ಇತ್ತೇನಣ್ಣ ಇದು?”

“ಇತ್ತು ಕಣೋ. ಇಲ್ಲಿ ತನಕ ಬರಾಕೆ ಬಿಟ್ಟಿದ್ರಾ ನೀವು?”

ಲೋಟದಲ್ಲಿದ್ದುದನ್ನು ಚಿತ್ತಪ್ಪ ಕುಡಿದನೋ ಚೆಲ್ಲಿದನೋ ಯಾರೂ ಗಮನಿಸಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಬರಿಗೈಯಲ್ಲಿ ಬಂದು ಷಣ್ಮುಖಪ್ಪನ ಪಕ್ಕ ಕುಳಿತು, ಇನ್ನೊಂದು ಮಾತು ಬರುತ್ತದೇನೋ ಕೇಳಿ ಎಂದು ಪಿಸುಗುಟ್ಟಿದ. ರಾಶಿಯ ಹಿಂದಿದ್ದವರಲ್ಲಿ ಇಬ್ಬರು ಕಡೆಯವರೆಗೂ ಈಚೆ ಬರಲಿಲ್ಲ.

ವಿಜಯದಶಮಿಯ ಬನ್ನಿ ಕೊಡಲು ಹೋದಾಗ ಸಾವ್ಕಾರರು ಕೇಳಿದರು. “ಹೆಂಗಾತು ಷಣ್ಮುಖಪ್ಪ ಪಾರ್ಟಿ? ಜನ ನಕ್ಕರಾ?”

“ಇಲ್ರಿ ಸಾವ್ಕಾರ್ರೆ. ಯಾರೂ ನಗ್ಲಿಲ್ಲ.”

“ಹಂಗಾದ್ರೆ ಚಲೋ ಆಗ್ಲಿಲ್ಲ ಅನ್ನು.”

ಷಣ್ಮುಖಪ್ಪ ಬನ್ನಿಯ ಎಲೆಯನ್ನು ಬೆರಳಲ್ಲಿ ತಿರುವುತ್ತ ನಿಂತ. ಚಲೋ ಆಯಿತೋ ಇಲ್ಲವೋ ಅವನಿಗೆ ಆಗಲೂ ಹೇಳಲು ಬರಲಿಲ್ಲ.

“ಬೆನಕಪ್ಪನ ಮಾತು ಪೂರ್ತಿ ಕೇಳಿದ್ವಿ ರೀ” ಎಂದ.